ಬೀಡಿ ಬಿಟ್ಟವರ ರಕ್ತ ಏನನ್ನು ನೆನಪಿಟ್ಟುಕೊಂಡಿರುತ್ತದೆ?

ಕೆಮ್ಮು ವಾಸಿಯಾಗುತ್ತಿಲ್ಲವೆಂದು ದೊಡ್ಡಪ್ಪನವರನ್ನು ಕಳೆದ ವರ್ಷ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಚೀಟಿ ಕೌಂಟರಿನಲ್ಲಿ ಕೊಟ್ಟ ಅರ್ಜಿಯನ್ನು ಭರ್ತಿ ಮಾಡುವ ಕೆಲಸ ನನ್ನದು. ‘ಧೂಮಪಾನ’ ಎಂಬ ಸಾಲಿನ ಮುಂದೆ ಮೂರು ಚೌಕಗಳಿದ್ದವು: ಈಗ ಇದೆ, ಹಿಂದೆ ಇತ್ತು, ಎಂದೂ ಇಲ್ಲ. ದೊಡ್ಡಪ್ಪ ಪಕ್ಕದಿಂದ ಬಗ್ಗಿ ನೋಡಿ, “ಇಲ್ಲ ಅಂತಲೇ ಹಾಕು. ಬಿಟ್ಟು ಹನ್ನೆರಡು ವರ್ಷವಾಯಿತಲ್ಲ” ಎಂದರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಹುಣಸೂರು ಸೀಮೆಯ ತಂಬಾಕು ಬೆಳೆಗಾರರು ಅವರು. ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಒಟ್ಟಿ ಸಿಗರೇಟಿಗೆ ಹೋಗುವ ಸೊಪ್ಪನ್ನು ಹದ ಮಾಡುತ್ತಲೇ, ತಾವು ಮಾತ್ರ ಬೀಡಿ ಸೇದಿದವರು. ಒಂದು ದಿನ ಬಿಟ್ಟರು, ಮತ್ತೆ ಮುಟ್ಟಲಿಲ್ಲ. ಸಾಲ ತೀರಿಸಿದವನನ್ನು ಯಾರಾದರೂ ಸಾಲಗಾರ ಎನ್ನುತ್ತಾರೆಯೇ?

ಒಳಗೆ ವೈದ್ಯರು ಅರ್ಜಿ ನೋಡಿ ತಲೆಯೆತ್ತಿದರು. “ಯಜಮಾನರೇ, ಹಿಂದೆ ಸೇದುತ್ತಿದ್ದಿರಾ?”

ಶ್ವಾಸಕೋಶದ ವಿಚಾರಕ್ಕಾದರೆ ಈ ಪ್ರಶ್ನೆ ಅರ್ಥವಾಗುತ್ತದೆ. ಹೊಗೆ ತಾಗಿದ ಜಾಗದಲ್ಲಿ ಹಾನಿ ಉಳಿಯುತ್ತದೆ, ಸವೆದ ಗಾಳಿಚೀಲಗಳು ಮತ್ತೆ ಬೆಳೆಯುವುದಿಲ್ಲ. ಆದರೆ ಕಳೆದ ಹದಿನೈದು ವರ್ಷಗಳ ಸಂಶೋಧನೆ ಆ ಮಧ್ಯದ ಚೌಕಕ್ಕೆ ಇನ್ನೊಂದು ಅರ್ಥ ಕೊಟ್ಟಿದೆ. ಹೊಗೆಯನ್ನು ನೇರವಾಗಿ ಕಾಣದ, ರಕ್ತದಲ್ಲಿ ಓಡಾಡುವ ಬಿಳಿ ಕಣಗಳೂ ಧೂಮಪಾನದ ಲೆಕ್ಕ ಇಟ್ಟುಕೊಂಡಿರುತ್ತವೆ. ವಿಚಿತ್ರವೆಂದರೆ ಆ ಕಣಗಳಲ್ಲಿ ಹೆಚ್ಚಿನವಕ್ಕೆ ಆಯುಸ್ಸೇ ಇಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ರಕ್ತದಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಬದುಕಿದರೆ ಹೆಚ್ಚು. ದೊಡ್ಡಪ್ಪ ಕೊನೆಯ ಬೀಡಿ ಸೇದಿದ ದಿನ ಅವರ ಮೈಯಲ್ಲಿದ್ದ ನ್ಯೂಟ್ರೋಫಿಲ್‌ಗಳಲ್ಲಿ ಒಂದೂ ಇಂದು ಉಳಿದಿಲ್ಲ. ಹಾಗಿದ್ದರೆ ನೆನಪಿಟ್ಟುಕೊಂಡವರು ಯಾರು?

ಇದನ್ನು ಬಿಡಿಸುವ ಮೊದಲು ಒಂದು ಮಾತಿನ ಚಟವನ್ನು ಬಿಡಬೇಕು. ‘ಧೂಮಪಾನದಿಂದ ರೋಗನಿರೋಧಕ ಶಕ್ತಿ ಕುಂದುತ್ತದೆ’ ಎಂದು ಆರೋಗ್ಯ ಪುರವಣಿಗಳಲ್ಲಿ ನಾವೆಲ್ಲ ಬರೆಯುತ್ತೇವೆ. ‘ಶಕ್ತಿ’ ಎಂದ ಕೂಡಲೇ ಅದು ಟ್ಯಾಂಕಿನ ನೀರಿನಂತೆ ಏರುವ ಇಳಿಯುವ ವಸ್ತು ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಸೇದುವವರ ರಕ್ತದಲ್ಲಿ ಬಿಳಿ ಕಣಗಳ ಎಣಿಕೆ ಸೇದದವರಿಗಿಂತ ಹೆಚ್ಚೇ ಇರುತ್ತದೆ. ಉರಿಯೂತದ ಗುರುತುಗಳೂ ಏರಿರುತ್ತವೆ. ಆದರೆ ಹೆಪಟೈಟಿಸ್ ಬಿ ಲಸಿಕೆ ಹಾಕಿದರೆ ಪ್ರತಿಕಾಯ ಹುಟ್ಟುವುದು ಕಡಿಮೆ. ಕ್ಷಯ ತಗಲುವ ಅಪಾಯ ಜಾಸ್ತಿ. ಸಂಧಿವಾತದ ಒಂದು ಬಗೆಯಲ್ಲಿ ಇದೇ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ. ಇನ್ನೂ ಗೊಂದಲ ಬೇಕಿದ್ದರೆ, ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್ ಸೇದುವವರಲ್ಲಿ ಕಡಿಮೆ. ಅದರ ದಾಯಾದಿಯಂತಿರುವ ಕ್ರೋನ್ಸ್ ಕಾಯಿಲೆ ಅವರಲ್ಲೇ ಹೆಚ್ಚು ಕಾಡುತ್ತದೆ. ಒಂದೇ ಹೊಗೆ ಒಂದು ಕಡೆ ಎಬ್ಬಿಸುತ್ತದೆ, ಇನ್ನೊಂದು ಕಡೆ ಮಲಗಿಸುತ್ತದೆ. ಕುಂದಿತು ಎನ್ನುವುದಕ್ಕಿಂತ ಹಳಿ ತಪ್ಪಿತು ಎಂದರೆ ಸತ್ಯಕ್ಕೆ ಹತ್ತಿರ. ಹಳಿ ತಪ್ಪುವುದು ಜೀನ್‌ಗಳ ಮಟ್ಟದಲ್ಲಿ.

ಜೀನ್ ಎಂದ ಕೂಡಲೇ ಇನ್ನೊಂದು ತಪ್ಪು ಕಲ್ಪನೆ ಕಾದು ಕೂತಿರುತ್ತದೆ. ಹೊಗೆಯಲ್ಲಿರುವ ರಾಸಾಯನಿಕಗಳು ಡಿಎನ್‌ಎ ಅಕ್ಷರಗಳನ್ನೇ ತಿದ್ದುವುದುಂಟು. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿದರೆ ಶ್ವಾಸಕೋಶದ ಪ್ರತಿ ಜೀವಕೋಶದಲ್ಲಿ ವರ್ಷಕ್ಕೆ ಸರಾಸರಿ 150 ಅಕ್ಷರದೋಷಗಳು ಸೇರುತ್ತವೆ ಎಂದು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. ಕ್ಯಾನ್ಸರಿನ ದಾರಿ ಅದು. ನಾನು ಹೇಳಹೊರಟಿರುವುದು ಬೇರೆ. ಇಲ್ಲಿ ಅಕ್ಷರ ಒಂದೂ ಬದಲಾಗುವುದಿಲ್ಲ, ಯಾವುದನ್ನು ಓದಬೇಕು ಎಂಬುದು ಬದಲಾಗುತ್ತದೆ.

ಯಕ್ಷಗಾನ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಪ್ರಸಂಗದ ಪುಸ್ತಕದಲ್ಲಿ ನೂರಾರು ಪದ್ಯಗಳಿರುತ್ತವೆ. ಇಂದಿನ ರಾತ್ರಿ ಯಾವುದನ್ನು ಹಾಡಬೇಕು, ಯಾವುದನ್ನು ಹಾರಿಸಬೇಕು ಎಂಬುದು ಭಾಗವತರ ಕೈಯಲ್ಲಿ. ಪುಟದಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಹಾಕಿದ್ದರೆ ಆ ಪದ್ಯ ರಂಗಕ್ಕೆ ಬರುವುದಿಲ್ಲ. ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲಿ ಸುಮಾರು 20,000 ಜೀನ್‌ಗಳಿರುವ ಒಂದೇ ಪುಸ್ತಕವಿದೆ. ಯಕೃತ್ತಿನ ಕೋಶ ಯಕೃತ್ತಾಗಿರುವುದಕ್ಕೂ ಬಿಳಿ ಕಣ ಬಿಳಿ ಕಣವಾಗಿರುವುದಕ್ಕೂ ಈ ಗೀಟುಗಳೇ ಬಹುಮಟ್ಟಿಗೆ ಕಾರಣ. ರಸಾಯನಶಾಸ್ತ್ರದ ಭಾಷೆಯಲ್ಲಿ ಒಂದು ಬಗೆಯ ಗೀಟಿಗೆ ಮಿಥೈಲ್ ಗುಂಪು ಎಂದು ಹೆಸರು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರದ ಮೇಲೆ ಅದು ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಳ್ಳಬಹುದಾದ ಜಾಗಗಳು ಮನುಷ್ಯನ ಡಿಎನ್‌ಎಯಲ್ಲಿ ಎರಡೂವರೆ ಕೋಟಿಗೂ ಹೆಚ್ಚಿವೆ. ಕೋಶ ಒಡೆದು ಎರಡಾಗುವಾಗ ಪುಸ್ತಕವನ್ನು ನಕಲು ಮಾಡುವ ಕಿಣ್ವಗಳ ಬೆನ್ನಿಗೇ ಈ ಗೀಟುಗಳನ್ನೂ ಹೊಸ ಪ್ರತಿಗೆ ಇಳಿಸುವ ಕಿಣ್ವವೊಂದು ಓಡುತ್ತದೆ. ಈ ನಕಲುಗಾರನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಹೊಗೆ ಈ ಗೀಟುಗಳನ್ನು ಎಲ್ಲಿ ಅಳಿಸುತ್ತದೆ ಎಂದು ಹುಡುಕಿದವರಿಗೆ ಮೊದಲು ಸಿಕ್ಕಿದ್ದು 2011ರಲ್ಲಿ, ಜರ್ಮನಿಯ ಸಂಶೋಧಕರಿಗೆ. ಎಫ್‌2ಆರ್‌ಎಲ್3 ಎಂಬ ಜೀನ್‌ನಲ್ಲಿ ಸೇದುವವರ ರಕ್ತ ಬೇರೆಯಾಗಿ ಕಂಡಿತು. ಅದರ ಬೆನ್ನಿಗೇ ಸಿಕ್ಕ ಎಎಚ್‌ಆರ್‌ಆರ್ ಎಂಬ ಜೀನ್ ಇಂದು ಈ ಕ್ಷೇತ್ರದ ಮನೆಮಾತು. ಅದರೊಳಗಿನ ಒಂದು ನಿರ್ದಿಷ್ಟ ತಾಣದಲ್ಲಿ ಸೇದದವರ ರಕ್ತಕೋಶಗಳ ಬಹುಪಾಲು ಡಿಎನ್‌ಎ ಮೇಲೆ ಮಿಥೈಲ್ ಗುರುತು ಇರುತ್ತದೆ. ಸೇದುವವರಲ್ಲಿ ಅದು ಎದ್ದು ಕಾಣುವಷ್ಟು ಕುಸಿಯುತ್ತದೆ, ಹೆಚ್ಚು ಸೇದಿದಷ್ಟೂ ಕುಸಿತ ಆಳ. ದೇಶ ಬದಲಾದರೂ ಪ್ರಯೋಗಾಲಯ ಬದಲಾದರೂ ಈ ಫಲಿತಾಂಶ ಕೈಕೊಟ್ಟಿಲ್ಲ. ಲಂಡನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರನ್ನೂ ಯುರೋಪಿಯನ್ನರನ್ನೂ ಹೋಲಿಸಿದ 2014ರ ಅಧ್ಯಯನದಲ್ಲಿ ಬದಲಾವಣೆಯ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೂ ಗುರುತು ಎರಡೂ ಕಡೆ ಕಂಡಿತು.

ಅದೇ ಜೀನ್ ಯಾಕೆ? ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಬೆಂಜೋಪೈರೀನ್‌ನಂತಹ, ಉಂಗುರಕ್ಕೆ ಉಂಗುರ ಹೆಣೆದ ಹೈಡ್ರೊಕಾರ್ಬನ್‌ಗಳದ್ದು ಒಂದು ಗುಂಪು. ಅರೆಬರೆ ಉರಿದ ಯಾವುದೇ ಸಸ್ಯವಸ್ತುವಿನಲ್ಲೂ, ಸೌದೆ ಒಲೆಯ ಹೊಗೆಯಲ್ಲೂ, ಇವು ಇರುತ್ತವೆ. ಜೀವಕೋಶದೊಳಗೆ ಇವನ್ನು ಹಿಡಿಯಲೆಂದೇ ಎಎಚ್‌ಆರ್ ಎಂಬ ಗ್ರಾಹಕವಿದೆ. ವಿಷ ಬಂತೆಂದು ಕಂಡ ಕೂಡಲೇ ಅದು ಕೋಶಕೇಂದ್ರಕ್ಕೆ ನುಗ್ಗಿ, ವಿಷ ಒಡೆಯುವ ಕಿಣ್ವಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಜೊತೆಗೆ ತನ್ನನ್ನೇ ತಡೆಯುವ ಬ್ರೇಕಿನ ಜೀನನ್ನೂ ಎಬ್ಬಿಸುತ್ತದೆ. ಆ ಬ್ರೇಕೇ ಎಎಚ್‌ಆರ್‌ಆರ್. ದಿನವಿಡೀ ಹೊಗೆ ಬರುತ್ತಿದ್ದರೆ ಬ್ರೇಕನ್ನು ಒತ್ತಿಯೇ ಇರಬೇಕು, ಹಾಗಾಗಿ ಅದರ ಮೇಲಿನ ಗೀಟು ಅಳಿಯುತ್ತದೆ.

ಇಷ್ಟೇ ಆಗಿದ್ದರೆ ಇದು ವಿಷ ನಿವಾರಣೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಇದೇ ಎಎಚ್‌ಆರ್ ರೋಗನಿರೋಧಕ ಕೋಶಗಳಲ್ಲಿ ಇನ್ನೊಂದು ಹುದ್ದೆಯನ್ನೂ ನಿಭಾಯಿಸುತ್ತದೆ. ಟಿ ಕೋಶ ಎಂಬ ಬಗೆಯ ಎಳೆಯ ಬಿಳಿ ಕಣವೊಂದು ಉರಿಯೂತ ಕೆರಳಿಸುವ ಪಡೆಗೆ ಸೇರಬೇಕೋ, ಅದನ್ನು ಸಮಾಧಾನಪಡಿಸುವ ಪಡೆಗೆ ಸೇರಬೇಕೋ ಎಂಬ ತೀರ್ಮಾನದಲ್ಲಿ ಅದರ ಮಾತೂ ನಡೆಯುತ್ತದೆ. ಕಾವಲುಗಾರನೇ ಪಂಚಾಯಿತಿ ಸದಸ್ಯನೂ ಆಗಿರುವ ಊರು ಇದು. ರಾತ್ರಿಯೆಲ್ಲ ಕಳ್ಳ ಬಂದ ಎಂದು ಕೂಗಿ ಬಳಲಿದವನು ಬೆಳಿಗ್ಗೆ ಸಭೆಯಲ್ಲಿ ಎಂಥ ತೀರ್ಪು ಕೊಟ್ಟಾನು?

ಎಷ್ಟು ಜೀನ್‌ಗಳು ಈ ಗಲಾಟೆಯಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬ ಅಂದಾಜು 2016ರಲ್ಲಿ ಸಿಕ್ಕಿತು. 16 ಅಧ್ಯಯನ ಸಮೂಹಗಳ ಸುಮಾರು 16,000 ಜನರ ರಕ್ತದ ಮಾಹಿತಿಯನ್ನು ಒಟ್ಟುಗೂಡಿಸಿದಾಗ 7,000ಕ್ಕೂ ಹೆಚ್ಚು ಜೀನ್‌ಗಳಲ್ಲಿ, ಅಂದರೆ ನಮ್ಮಲ್ಲಿರುವ ಮೂರರಲ್ಲೊಂದು ಜೀನ್‌ನಲ್ಲಿ, ಸೇದುವವರ ಗುರುತು ಬೇರೆಯಾಗಿತ್ತು. ಈ ಸಂಖ್ಯೆಯನ್ನು ಕಂಡು ಬೆಚ್ಚಬೇಕಾಗಿಲ್ಲ, ಬಹಳಷ್ಟು ತಾಣಗಳಲ್ಲಿ ಬದಲಾವಣೆ ತೀರಾ ಸಣ್ಣದು. ಅದೇ ಅಧ್ಯಯನದ ಉಳಿದರ್ಧ ನನಗೆ ಹೆಚ್ಚು ಮುಖ್ಯವೆನಿಸಿತು. ಬಿಟ್ಟವರಲ್ಲಿ ಹೆಚ್ಚಿನ ತಾಣಗಳು ಐದು ವರ್ಷದೊಳಗೆ ಸೇದದವರ ಮಟ್ಟಕ್ಕೆ ಮರಳಿದ್ದವು. ಟಿಯಾಮ್2 ಮುಂತಾದ ಕೆಲವು ಜೀನ್‌ಗಳಲ್ಲಿ ಮಾತ್ರ 30 ವರ್ಷ ಕಳೆದರೂ ಗುರುತು ಹೋಗಿರಲಿಲ್ಲ.

ಗುರುತು ಉಳಿಯಿತು ಸರಿ, ಅದರಿಂದ ಆಗುವುದೇನು? ಗೀಟು ಅಳಿದ ಮಾತ್ರಕ್ಕೆ ಕೋಶದ ನಡತೆ ಬದಲಾಗಲೇಬೇಕೆಂದಿಲ್ಲ. ಈ ಪ್ರಶ್ನೆಗೆ ಹತ್ತಿರದ ಉತ್ತರ ಬಂದದ್ದು 2024ರ ಫೆಬ್ರುವರಿಯಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಿಂದ. ವಿಯೊಲೇನ್ ಸೇಂಟ್-ಆಂಡ್ರೆ, ಡಾರಾ ಡಫಿ ಮತ್ತು ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಅದು. 500 ಗಂಡಸರು, 500 ಹೆಂಗಸರು, 20ರಿಂದ 69 ವರ್ಷದವರು, ಎಲ್ಲರೂ ಆರೋಗ್ಯವಂತರು. ಇವರಿಂದ ರಕ್ತ ತೆಗೆದು ಸುಮ್ಮನೆ ಅಳೆಯಲಿಲ್ಲ. ಒಬ್ಬೊಬ್ಬರ ತಾಜಾ ರಕ್ತವನ್ನು ಒಂದೊಂದು ಮಿಲಿಲೀಟರಿನಂತೆ ಹಲವು ಕೊಳವೆಗಳಿಗೆ ಹಾಕಿದರು. ಒಂದರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಫ್ಲೂ ವೈರಸ್, ಮತ್ತೊಂದರಲ್ಲಿ ನಮ್ಮಲ್ಲಿ ಹುಟ್ಟಿದ ಮಗುವಿನ ತೋಳಿಗೆ ಚುಚ್ಚುವ ಬಿಸಿಜಿ, ಇನ್ನೊಂದರಲ್ಲಿ ಟಿ ಕೋಶಗಳನ್ನು ಕೆರಳಿಸುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಮೊದಲೇ ಸಿದ್ಧವಾಗಿತ್ತು. 37 ಡಿಗ್ರಿ ಶಾಖದಲ್ಲಿ 22 ಗಂಟೆ ಬಿಟ್ಟು, ಬಿಳಿ ಕಣಗಳು ಯಾವ ಯಾವ ಸಂದೇಶ ಪ್ರೋಟೀನುಗಳನ್ನು ಎಷ್ಟೆಷ್ಟು ಸುರಿಸಿವೆ ಎಂದು ನೋಡಿದರು. ಸೈಟೊಕೈನ್ ಎಂದು ಕರೆಯುವ ಈ ಪ್ರೋಟೀನುಗಳೇ ಬಿಳಿ ಕಣಗಳ ಕೂಗು, ಪಿಸುಮಾತು, ಬೈಗುಳ ಎಲ್ಲವೂ. ನನಗೆ ಇದರಲ್ಲಿ ಹಿಡಿಸಿದ್ದು ಅದರ ಸರಳತೆ. ವೇಷಗಾರನನ್ನು ಚೌಕಿಯಲ್ಲಿ ನೋಡಿ ಅಂದಾಜು ಮಾಡುವ ಬದಲು ರಂಗಕ್ಕೇ ತಂದು ಕುಣಿಸಿದರು.

ಆಮೇಲೆ ವಯಸ್ಸು, ತೂಕ, ನಿದ್ದೆ, ಊಟ, ಹಳೆಯ ಸೋಂಕು, ಓದು, ವರಮಾನ ಹೀಗೆ 136 ಸಂಗತಿಗಳನ್ನು ಎದುರಿಗಿಟ್ಟು, ಒಬ್ಬರ ಉತ್ತರ ಇನ್ನೊಬ್ಬರಿಗಿಂತ ಬೇರೆಯಾಗಲು ಯಾವುದು ಕಾರಣವೆಂದು ಹುಡುಕಿದರು. ಮೂರು ಎದ್ದು ನಿಂತವು: ಧೂಮಪಾನ, ಮೈಯಲ್ಲಿ ಸದ್ದಿಲ್ಲದೆ ಉಳಿದುಕೊಳ್ಳುವ ಸೈಟೊಮೆಗಾಲೊ ವೈರಸ್ಸಿನ ಸೋಂಕು, ದೇಹತೂಕದ ಸೂಚ್ಯಂಕ. ಕೆಲವು ಉತ್ತರಗಳಲ್ಲಿ ಧೂಮಪಾನದ ತೂಕ ವಯಸ್ಸು ಮತ್ತು ಲಿಂಗದ ತೂಕಕ್ಕೆ ಸಮನಾಗಿತ್ತು.

ಇಲ್ಲಿಂದ ಮುಂದೆ ಕಥೆ ಎರಡಾಗಿ ಕವಲೊಡೆಯುತ್ತದೆ. ರೋಗನಿರೋಧಕ ವ್ಯವಸ್ಥೆಯಲ್ಲಿ ಎರಡು ಪಡೆಗಳಿವೆ. ಹುಟ್ಟಿನಿಂದ ಬಂದ ಮೊದಲ ಪಡೆ ಯಾರು ಬಂದರೂ ಮೇಲೆ ಬೀಳುತ್ತದೆ, ಮುಖ ನೆನಪಿಡುವುದಿಲ್ಲ. ಎರಡನೆಯದು ಟಿ ಮತ್ತು ಬಿ ಕೋಶಗಳ ಪಡೆ. ಅದು ನಿಧಾನ, ಆದರೆ ಒಮ್ಮೆ ಕಂಡ ಮುಖವನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಲಸಿಕೆ ಕೆಲಸ ಮಾಡುವುದು ಇದನ್ನು ನಂಬಿ. ಇ. ಕೋಲಿ ಹಾಕಿದ ಕೊಳವೆಯಲ್ಲಿ ಸೇದುವವರ ಮೊದಲ ಪಡೆ ಸಿಎಕ್ಸ್‌ಸಿಎಲ್5 ಎಂಬ ಉರಿಯೂತದ ಸಂದೇಶವನ್ನು ಹೆಚ್ಚಾಗಿ ಸುರಿಸಿತು. ಬಿಟ್ಟವರಲ್ಲಿ ಈ ಅತಿರೇಕ ಇರಲಿಲ್ಲ. ಸ್ಟ್ಯಾಫಿಲೊಕಾಕಸ್ ವಿಷದ ಕೊಳವೆಯಲ್ಲಿ ಟಿ ಕೋಶಗಳು ಇಂಟರ್‌ಲ್ಯೂಕಿನ್-2 ಮತ್ತು ಇಂಟರ್‌ಲ್ಯೂಕಿನ್-13 ಎಂಬ ಸಂದೇಶಗಳನ್ನು ಹೆಚ್ಚಿಸಿದವು, ಮತ್ತು ಇದು ಬಿಟ್ಟವರಲ್ಲೂ ಹಾಗೆಯೇ ಇತ್ತು. ಬಿಟ್ಟು 10ರಿಂದ 15 ವರ್ಷವಾದವರಲ್ಲೂ ಅದರ ನೆರಳು ಕಾಣುತ್ತಿತ್ತು. ಇದೇ ಜನರ ಡಿಎನ್‌ಎಯಲ್ಲಿ ಮಿಥೈಲ್ ಗುರುತುಗಳನ್ನು ನೋಡಿದಾಗ, ಈ ದೀರ್ಘ ನೆನಪಿಗೂ ಕೆಲವು ತಾಣಗಳ ಅಳಿದ ಗೀಟುಗಳಿಗೂ ಸಂಬಂಧ ಸಿಕ್ಕಿತು. ಎಷ್ಟು ವರ್ಷ ಸೇದಿದರು, ಒಟ್ಟು ಎಷ್ಟು ಸೇದಿದರು ಎಂಬುದಕ್ಕೆ ತಕ್ಕಂತೆ ಗುರುತು ಹೆಚ್ಚು ಕಡಿಮೆಯಾಗುತ್ತಿತ್ತು.

ಹಾಗಾದರೆ ನೆನಪಿಟ್ಟುಕೊಂಡವರು ಯಾರು ಎಂಬ ಪ್ರಶ್ನೆಗೆ ಒಂದು ಭಾಗದ ಉತ್ತರ ಇಲ್ಲಿದೆ. ನೆನಪಿನ ಟಿ ಮತ್ತು ಬಿ ಕೋಶಗಳು ದೀರ್ಘಾಯುಷಿಗಳು, ಒಡೆದು ಮರಿಯಾದರೂ ನಕಲುಗಾರ ಕಿಣ್ವ ಇದ್ದ ಗೀಟನ್ನಷ್ಟೇ ಮರಿಗೂ ಇಳಿಸುತ್ತದೆ, ಅಳಿದದ್ದು ಮರಿಯಲ್ಲೂ ಅಳಿದೇ ಇರುತ್ತದೆ. ನ್ಯೂಟ್ರೋಫಿಲ್‌ನಂತಹ ಅಲ್ಪಾಯುಷಿಗಳದ್ದು ಬೇರೆ ಲೆಕ್ಕ. ಅವು ಹುಟ್ಟುವುದು ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳಿಂದ. ಸೇದುವುದನ್ನು ಬಿಟ್ಟ ವಾರದೊಳಗೆ ರಕ್ತದ ನ್ಯೂಟ್ರೋಫಿಲ್‌ಗಳೆಲ್ಲ ಬದಲಾದರೂ ಎಎಚ್‌ಆರ್‌ಆರ್ ಗುರುತು ಸರಿಯಾಗಲು ತಿಂಗಳುಗಳು, ವರ್ಷಗಳು ಹಿಡಿಯುವುದನ್ನು ನೋಡಿದರೆ, ಗೀಟು ಮರಿಗಳಲ್ಲಷ್ಟೇ ಅಲ್ಲದೆ ತಾಯಿಕೋಶಗಳಲ್ಲೂ ಅಳಿದಿರಬೇಕು ಎನ್ನುವ ವಾದಕ್ಕೆ ಬಲ ಬರುತ್ತದೆ. ಬಾವಿಯ ಬುಡದಲ್ಲಿ ಬಣ್ಣ ಬಿದ್ದಿದ್ದರೆ ಕೊಡ ಬದಲಾಯಿಸಿ ಪ್ರಯೋಜನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ರಕ್ತ ಎಂದರೆ ಒಂದೇ ಬಗೆಯ ಕೋಶಗಳ ರಾಶಿಯಲ್ಲ, ಸಂತೆ. ಸಂತೆಯಲ್ಲಿ ಕೇಳುವ ಮಾತಿನ ಧಾಟಿ ಬದಲಾಯಿತೆಂದರೆ ಊರವರೇ ಧಾಟಿ ಬದಲಿಸಿದರೆಂದು ಅರ್ಥವೇ, ಪಕ್ಕದ ಸೀಮೆಯವರು ಹೆಚ್ಚಾಗಿ ಬಂದರೆಂದು ಅರ್ಥವೇ? ಜಿಪಿಆರ್15 ಎಂಬ ಜೀನ್ ವಿಷಯದಲ್ಲಿ ನಡೆದದ್ದು ಎರಡನೆಯದು. ಅದರ ಮಿಥೈಲ್ ಗುರುತು ಸೇದುವವರಲ್ಲಿ ಕಡಿಮೆ ಎಂದು ಪ್ರಬಂಧಗಳು ಬಂದವು. ಆಮೇಲೆ ನೋಡಿದರೆ, ಆ ಜೀನ್ ಸದಾ ಚಾಲೂ ಇರುವ ಒಂದು ಬಗೆಯ ಟಿ ಕೋಶಗಳೇ ಸೇದುವವರ ರಕ್ತದಲ್ಲಿ ಹೆಚ್ಚಿದ್ದವು. ಜೀನ್ ಬದಲಾಯಿತು ಎಂಬ ಸುದ್ದಿ ಓದುವಾಗಲೆಲ್ಲ ಜನ ಬದಲಾದರೇ ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಸ್ವೀಡನ್ನಿನ 2014ರ ಒಂದು ಅಧ್ಯಯನ. ಅಲ್ಲಿ ತುಟಿಯ ಹಿಂದೆ ಇಟ್ಟುಕೊಳ್ಳುವ ‘ಸ್ನೂಸ್’ ಎಂಬ ಹೊಗೆರಹಿತ ತಂಬಾಕಿನ ಬಳಕೆ ಬಹಳ. ಸೇದುವವರಲ್ಲಿ ಹತ್ತಾರು ತಾಣಗಳಲ್ಲಿ ಮಿಥೈಲ್ ವ್ಯತ್ಯಾಸ ಕಂಡ ಸಂಶೋಧಕರಿಗೆ ಸ್ನೂಸ್ ಬಳಸುವವರ ರಕ್ತದಲ್ಲಿ ಅಂಥದ್ದು ಒಂದೂ ಸಿಗಲಿಲ್ಲ. ನಿಕೋಟಿನ್ ಇಬ್ಬರ ಮೈಗೂ ಹೋಗುತ್ತದೆ. ಹಾಗಾದರೆ ಈ ಗೀಟುಗಳನ್ನು ಅಳಿಸುವುದು ತಂಬಾಕಿನ ಸೊಪ್ಪಿಗಿಂತ ಹೆಚ್ಚಾಗಿ ಅದನ್ನು ಸುಡುವ ಬೆಂಕಿ. ಕಡ್ಡಿಪುಡಿ, ಗುಟ್ಕಾ ಹಾಕುವವರು ಇದನ್ನು ಓದಿ ಹಿಗ್ಗುವ ಮೊದಲು ಒಂದು ಮಾತು: ಹೊಗೆರಹಿತ ತಂಬಾಕು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಪಟ್ಟಿಯಲ್ಲೇ ಸೇರಿಸಿದೆ. ಬಾಯಿ ಸುಡಲು ಬೆಂಕಿಯೇ ಬೇಕೆಂದಿಲ್ಲ.

ಬೆಂಕಿ ಹಚ್ಚದವರ ಮೈಯಲ್ಲೂ ಈ ಗುರುತು ಸಿಗುತ್ತದೆ. 13 ಅಧ್ಯಯನ ಸಮೂಹಗಳ 6,685 ನವಜಾತ ಶಿಶುಗಳ ರಕ್ತವನ್ನು ಒಟ್ಟಾಗಿ ಪರಿಶೀಲಿಸಿದ 2016ರ ವರದಿಯ ಪ್ರಕಾರ, ಬಸಿರಿನಲ್ಲಿ ಉದ್ದಕ್ಕೂ ಸೇದಿದ ತಾಯಂದಿರ ಮಕ್ಕಳಲ್ಲಿ 6,000ಕ್ಕೂ ಹೆಚ್ಚು ತಾಣಗಳು ಬೇರೆಯಾಗಿದ್ದವು. ಎಎಚ್‌ಆರ್‌ಆರ್ ಅಲ್ಲೂ ಹಾಜರಿತ್ತು.

ಮಿಥೈಲ್ ಗೀಟು ಒಂದೇ ಹೊಗೆಯ ಹತ್ಯಾರವಲ್ಲ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಸ ಗುಡಿಸುವ ಮ್ಯಾಕ್ರೊಫೇಜ್ ಎಂಬ ಕೋಶಗಳಿವೆ. ಸೇದುವವರ ಶ್ವಾಸಕೋಶವನ್ನು ತೊಳೆದ ದ್ರವವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಇವುಗಳ ಹೊಟ್ಟೆಯಲ್ಲಿ ಕಂದು ಕಣಗಳು ತುಂಬಿರುವುದು ಕಾಣುತ್ತದೆ, ಅಡುಗೆಮನೆಯ ಮಸಿಬಟ್ಟೆಯಂತೆ. ಉರಿಯೂತದ ಜೀನ್‌ಗಳನ್ನು ಮತ್ತೆ ಮಡಚಿಡಲು ಈ ಕೋಶಗಳಿಗೆ ಎಚ್‌ಡಿಎಸಿ2 ಎಂಬ ಕಿಣ್ವ ಬೇಕು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉರುಳೆಗಳನ್ನು ಬಿಗಿ ಮಾಡುವುದು ಅದರ ಕೆಲಸ. ಹೊಗೆಯ ಹೊಡೆತಕ್ಕೆ ಈ ಕಿಣ್ವ ಕುಗ್ಗುತ್ತದೆ. ದೀರ್ಘಕಾಲದ ಶ್ವಾಸನಾಳ ಕಾಯಿಲೆಯಾದ ಸಿಒಪಿಡಿ ರೋಗಿಗಳ ಶ್ವಾಸಕೋಶದಲ್ಲಿ ಅದರ ಚಟುವಟಿಕೆ ಇಳಿದಿರುವುದನ್ನು ಲಂಡನ್ನಿನ ಪೀಟರ್ ಬಾರ್ನ್ಸ್ ಅವರ ಗುಂಪು 2005ರಲ್ಲಿ ತೋರಿಸಿತು. ಇದು ಪ್ರಯೋಗಾಲಯದ ಮಾತಾಗಿ ಉಳಿಯುವುದಿಲ್ಲ. ನಾವು ಇನ್‌ಹೇಲರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಉರಿಯೂತದ ಜೀನ್‌ಗಳನ್ನು ಆರಿಸುವುದು ಇದೇ ಎಚ್‌ಡಿಎಸಿ2 ನೆರವಿನಿಂದ. ಆಳೇ ಇಲ್ಲದಿದ್ದರೆ ಆಜ್ಞೆ ಯಾರಿಗೆ? “ಪಂಪು ಹೊಡೆದರೂ ಉಪಯೋಗವಿಲ್ಲ” ಎಂದು ಸೇದುತ್ತಲೇ ದೂರುವ ಅಸ್ತಮಾ ರೋಗಿಗಳ ದೂರಿನಲ್ಲಿ ಹುರುಳಿದೆ, ತಪ್ಪು ಪಂಪಿನದ್ದಲ್ಲ.

ಜೀನ್ ಮತ್ತು ಹೊಗೆ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಂಧಿವಾತ ಸ್ಪಷ್ಟ ಉದಾಹರಣೆ. ಸ್ವೀಡನ್ನಿನ ಲಾರ್ಸ್ ಕ್ಲಾರೆಸ್ಕೊಗ್ ಅವರ ತಂಡದ 2006ರ ಅಧ್ಯಯನದಲ್ಲಿ, ಎಚ್‌ಎಲ್‌ಎ ಜೀನ್‌ನ ಒಂದು ಅಪಾಯಕಾರಿ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದು, ಜೊತೆಗೆ ಸೇದುವವರೂ ಆಗಿದ್ದವರಿಗೆ ಒಂದು ಬಗೆಯ ಸಂಧಿವಾತದ ಅಪಾಯ ಎರಡೂ ಇಲ್ಲದವರಿಗಿಂತ 20 ಪಟ್ಟಿಗೂ ಹೆಚ್ಚಿತ್ತು. ಶ್ವಾಸಕೋಶದ ಪ್ರೋಟೀನುಗಳ ರೂಪ ಹೊಗೆಯಿಂದ ಚೂರು ಬದಲಾಗುತ್ತದೆ, ಆ ಬದಲಾದ ರೂಪವನ್ನು ಪರಕೀಯವೆಂದು ನೆನಪಿಟ್ಟುಕೊಂಡ ಕೋಶಗಳು ಮುಂದೆ ಕೀಲುಗಳ ಮೇಲೆ ದಾಳಿಗಿಳಿಯುತ್ತವೆ ಎಂಬುದು ಅವರ ವಿವರಣೆ. ನಮ್ಮ ಕಡೆಯ ದೊಡ್ಡ ತಲೆನೋವು ಕ್ಷಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ತಮಿಳುನಾಡಿನ ಗಂಡಸರ ಸಾವುಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇದುವವರು ಕ್ಷಯದಿಂದ ಸಾಯುವ ಪ್ರಮಾಣ ಸೇದದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಅಳಿದ ಗೀಟೇ ಈ ಕಾಯಿಲೆಗಳಿಗೆ ಕಾರಣ ಎಂದು ಬರೆದುಬಿಡುವ ಆಸೆಯಾಗುತ್ತದೆ. ಬರೆಯುವಂತಿಲ್ಲ. ಎಎಚ್‌ಆರ್‌ಆರ್, ಎಫ್‌2ಆರ್‌ಎಲ್3 ತಾಣಗಳಲ್ಲಿ ಗುರುತು ಇಳಿದವರಿಗೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು 2015ರಲ್ಲೇ ತಿಳಿದಿತ್ತು. ಆದರೆ ಕಾರಣವೇ, ಗುರುತು ಮಾತ್ರವೇ ಎಂದು ಜೀನ್‌ಗಳ ಸಹಜ ಭಿನ್ನತೆಯನ್ನು ಬಳಸಿ ಒರೆಗೆ ಹಚ್ಚಿದ ನಂತರದ ವಿಶ್ಲೇಷಣೆಗಳಲ್ಲಿ ಗುರುತಿನ ಪರವಾಗಿಯೇ ತಕ್ಕಡಿ ವಾಲಿತು. ಗೋಡೆಯ ಮೇಲಿನ ಮಸಿ ಒಲೆ ಎಷ್ಟು ಉರಿಯಿತು ಎಂದು ಹೇಳುತ್ತದೆ, ಮನೆ ಸುಟ್ಟದ್ದು ಮಸಿಯಿಂದಲ್ಲ. ಪಾಶ್ಚರ್ ಅಧ್ಯಯನಕ್ಕೂ ಮಿತಿಯಿದೆ: ಅದು ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರ. ಒಬ್ಬರನ್ನೇ ಬಿಡುವ ಮೊದಲು ಮತ್ತು ಬಿಟ್ಟ ಮೇಲೆ ಹಿಂಬಾಲಿಸಿದ್ದಲ್ಲ. ಪಾಲ್ಗೊಂಡವರೆಲ್ಲ ಫ್ರಾನ್ಸಿನವರು.

ಗುರುತಾಗಿ ಮಾತ್ರ ಇದರ ಬೆಲೆ ಕಡಿಮೆಯಲ್ಲ. ವಿಮಾ ಕಂಪನಿಗಳು ಟರ್ಮ್ ಪಾಲಿಸಿ ಕೊಡುವ ಮೊದಲು ಮೂತ್ರದಲ್ಲಿ ಕೋಟಿನಿನ್ ಹುಡುಕುತ್ತವೆ. ನಿಕೋಟಿನ್ ಮೈಯಲ್ಲಿ ಒಡೆದು ಆಗುವ ಈ ವಸ್ತು ಕೆಲವೇ ದಿನಗಳಲ್ಲಿ ಮಾಯ. ಒಂದು ವಾರ ಬಾಯಿ ಕಟ್ಟಿ ‘ಎಂದೂ ಇಲ್ಲ’ ಎಂದು ಬರೆದವರು ದಾಟಿಬಿಡಬಹುದು. ಎಎಚ್‌ಆರ್‌ಆರ್ ಗುರುತು ಹಾಗೆ ಲಂಚಕ್ಕೆ ಬಗ್ಗುವುದಿಲ್ಲ. ರೋಗಿಗೆ ನೆರವಾಗಬೇಕಾದ ಪರೀಕ್ಷೆ ರೋಗಿಯ ಮೇಲೇ ಸಾಕ್ಷಿ ಹೇಳುವ ದಿನ ಬಂದರೆ ಯಾರ ಕೈಯಲ್ಲಿ ಆ ವರದಿ ಇರಬೇಕು ಎಂಬ ಚರ್ಚೆ ನಮ್ಮಲ್ಲಿ ಈಗಲೇ ಶುರುವಾಗಬೇಕು.

ಸೇದಿದ ವರ್ಷಗಳ ಲೆಕ್ಕಕ್ಕೇ ಗುರುತು ಆಳವಾಗುವುದಾದರೆ, ಎಷ್ಟು ತಡವಾಗಿ ಶುರುಮಾಡಿದರೆ ಅಷ್ಟು ಲಾಭ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಹೆಚ್ಚಿಸಿತು. ಕಾಗದದ ಮೇಲೆ ಒಳ್ಳೆಯದೇ. ನಮ್ಮೂರಿನ ಗೂಡಂಗಡಿಯ ಕಂಬಕ್ಕೆ ಮಾತ್ರ ತುದಿಯಲ್ಲಿ ಕೆಂಡ ಹಿಡಿದ ತೆಂಗಿನ ನಾರಿನ ಹಗ್ಗ ಇಂದಿಗೂ ತೂಗುತ್ತಿದೆ. ಕಾಲೇಜು ಹುಡುಗ ಬಂದು ಬೀಡಿಯನ್ನೋ ಸಿಗರೇಟನ್ನೋ ಆ ಕೆಂಡಕ್ಕೆ ತಾಗಿಸಿ, ಕೆನ್ನೆ ಒಳಗೆ ಸೇರುವಂತೆ ಎರಡು ಸಲ ಎಳೆದು ಹೋಗುತ್ತಾನೆ. ಯಾರೂ ವಯಸ್ಸು ಕೇಳುವುದಿಲ್ಲ.

ಬೀಡಿಯ ವಿಷಯ ಬಂದಾಗ ಈ ಎಲ್ಲ ಸಂಶೋಧನೆಯ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಯುರೋಪ್ ಮತ್ತು ಅಮೆರಿಕದಲ್ಲಿ, ಕಾಗದ ಸುತ್ತಿದ ಸಿಗರೇಟು ಸೇದುವವರ ಮೇಲೆ. ಭಾರತದಲ್ಲಿ 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7. ಬೀಡಿಯಲ್ಲಿ ತಂಬಾಕು ಕಡಿಮೆ ಇದ್ದರೂ ಎಲೆಯ ಸುತ್ತು ಗಾಳಿಯಾಡುವುದಿಲ್ಲ. ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ, ಬಲವಾಗಿ ಎಳೆಯಬೇಕು. 2008ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಬೀಡಿ ಸೇದುವ ಗಂಡಸರ ಆಯುಸ್ಸು ಸರಾಸರಿ ಆರು ವರ್ಷ, ಸಿಗರೇಟು ಸೇದುವವರದ್ದು ಹತ್ತು ವರ್ಷ ಕಡಿಮೆಯಾಗುತ್ತದೆ ಎಂದಿತು. ಮಂಗಳೂರಿನ ಮನೆಗಳಲ್ಲಿ ಹೆಂಗಸರು ಕಟ್ಟಿದ, ನಿಪ್ಪಾಣಿಯ ತಂಬಾಕು ತುಂಬಿದ ಆ ಬೀಡಿ ಬಿಳಿ ಕಣಗಳ ಪುಸ್ತಕದಲ್ಲಿ ಯಾವ ಯಾವ ಗೀಟು ಅಳಿಸುತ್ತದೆ ಎಂದು ನೋಡಲು ಪ್ಯಾರಿಸ್ಸಿನವರು ಬರಲಾರರು.

ಅಂದು ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇದುತ್ತಿದ್ದೆ ಸ್ವಾಮಿ. ಬಿಟ್ಟಿದ್ದೇನೆ” ಎಂದರು. ವೈದ್ಯರು ಮಧ್ಯದ ಚೌಕಕ್ಕೆ ತಾವೇ ಗುರುತು ಹಾಕಿದರು. “ಬಿಟ್ಟಿದ್ದು ಬಹಳ ಒಳ್ಳೆಯದಾಯಿತು. ದಿನಕ್ಕೆ ಎಷ್ಟು, ಎಷ್ಟು ವರ್ಷ?” ಫ್ರೆಂಚರು ಕೇಳಿದ್ದೂ ಇವೇ ಎರಡು ಪ್ರಶ್ನೆಗಳು. ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕ್ ಎಂದು ಹಿಡಿದು ವರ್ಷಗಳಿಂದ ಗುಣಿಸುವ ಸೂತ್ರ ವೈದ್ಯರ ಮುಂದಿದ್ದ ಅರ್ಜಿಯಲ್ಲಿ ಅಚ್ಚಾಗಿಯೇ ಇತ್ತು.

“ದಿನಕ್ಕೊಂದು ಕಟ್ಟು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಕಾಯಬೇಕಲ್ಲ, ಆಗ ಎರಡು. ಇಪ್ಪತ್ತೆಂಟು ವರ್ಷ.”

ವೈದ್ಯರ ಪೆನ್ನು ಪ್ಯಾಕ್ ಎಂಬ ಪದದ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಬೀಡಿ, 1-2 ಕಟ್ಟು, 28 ವರ್ಷ’ ಎಂದು ಕೈಬರಹದಲ್ಲಿ ಬರೆದರು.